ಫಾಂಟ್ ಹೋದರೆ ಪಾಠವೂ ಹೋಗಬೇಕೆ?

ಮೊನ್ನೆ ನಮ್ಮ ಡಿ. ಹಿರೇಹಾಳಿನಲ್ಲಿ ಹಿರಿಯ ಮೇಷ್ಟ್ರೊಬ್ಬರು ಒಂದು ಪೆನ್‌ಡ್ರೈವ್ ಕೊಟ್ಟರು. ವರ್ಷಾನುಗಟ್ಟಲೆ ಅವರೇ ಕೂತು ಟೈಪ್ ಮಾಡಿದ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೀಟು, ನಡುವೆ ಪೌಂಡಿನ ಗುರುತು. "ವೈರಸ್ ಹೊಕ್ಕಿರಬೇಕು ಸರ್" ಎಂದರು ಪಾಪ. ವೈರಸ್ಸೂ ಇಲ್ಲ, ಏನೂ ಇಲ್ಲ. ಆ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರಲಿಲ್ಲ, ಅಷ್ಟೇ.

ಹಳೆಯ ನುಡಿ ಫೈಲಿನಲ್ಲಿ ನಿಜವಾಗಿ ಕನ್ನಡವೇ ಇಲ್ಲ ಎಂದರೆ ನಂಬುತ್ತೀರಾ? ಅಲ್ಲಿ 'ಕ' ಕಾಣುವ ಜಾಗದಲ್ಲಿ ಕೂತಿರುವುದು ಇಂಗ್ಲಿಷಿನ 'ಪಿ'. ಅದಕ್ಕೆ ಕನ್ನಡದ ವೇಷ ಹಾಕಿಸುವುದು ಫಾಂಟ್. ಫಾಂಟ್ ತೆಗೆದರೆ ವೇಷ ಕಳಚಿತು! ಬರಹ, ನುಡಿ ಮಾಡಿದವರನ್ನು ನಾನು ದೂರುತ್ತಿಲ್ಲ. 1998ರಲ್ಲಿ ಬರಹ ಬಂದಾಗ ವಿಂಡೋಸ್‌ಗೆ ಕನ್ನಡವೇ ಗೊತ್ತಿರಲಿಲ್ಲ. ಅವರಿಲ್ಲದಿದ್ದರೆ ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಇನ್ನೂ ತಡವಾಗುತ್ತಿತ್ತು.

ಆದರೆ ಈಗ ಯೂನಿಕೋಡ್ ಇದೆ. ಅದರಲ್ಲಿ ತೆಲುಗಿಗೆ 128 ಮನೆ, ಅದರ ಮಗ್ಗುಲಲ್ಲೇ ಕನ್ನಡಕ್ಕೆ 128 ಮನೆ. ನಮ್ಮೂರಿನ ಹಾಗೆಯೇ ಅಕ್ಕಪಕ್ಕ, ಆದರೆ ಮನೆ ನಂಬರ್ ಬೇರೆ ಬೇರೆ. ಹೀಗೆ ಬರೆದ ಪಾಠ ಬಳ್ಳಾರಿಯಲ್ಲೂ ಕನ್ನಡ, ರಾಯದುರ್ಗದಲ್ಲೂ ಕನ್ನಡ, ಮಕ್ಕಳ ಮೊಬೈಲಿನಲ್ಲೂ ಕನ್ನಡ. ಹುಡುಕಿದರೆ ಸಿಗುತ್ತದೆ. ಕಣ್ಣು ಕಾಣದ ಮಗುವಿಗೆ ಯಂತ್ರ ಓದಿಯೂ ಹೇಳುತ್ತದೆ.

"ಪ್ರಿಂಟ್ ಬರ್ತದಲ್ಲ, ಸಾಕು ಬಿಡಿ" ಅನ್ನುವವರಿಗೆ ನನ್ನ ಪ್ರಶ್ನೆ: ಮುಂದಿನ ವರ್ಷ ಅದನ್ನು ತಿದ್ದುವವರು ಯಾರು? "ಕೈಗೆ ನುಡಿಯೇ ರೂಢಿ" ಅನ್ನುವವರಿಗೆ: ಕೆ.ಪಿ. ರಾವ್ ಅವರ ಅದೇ ಕೀಲಿಮಣೆ ಯೂನಿಕೋಡಿಗೂ ಇದೆ, ಬೆರಳು ಹೊಸದೇನೂ ಕಲಿಯಬೇಕಿಲ್ಲ. "ಪ್ರೆಸ್ಸಿನವರು ಪೇಜ್‌ಮೇಕರ್ ಬಿಡೋದಿಲ್ಲ" ಅನ್ನುವುದು ಮಾತ್ರ ನಿಜವಾದ ತೊಂದರೆ. ಹಾಗಿದ್ದರೆ ಮೂಲ ಪ್ರತಿ ಯೂನಿಕೋಡಿನಲ್ಲಿರಲಿ, ಪ್ರೆಸ್ಸಿಗೆ ಮಾತ್ರ ನುಡಿಗೆ ಬದಲಿಸಿ ಕೊಡಿ.

ಒಂದು ಎಚ್ಚರಿಕೆ. ಅಕ್ಷರಗಳನ್ನು ಆರಿಸಿ ಫಾಂಟನ್ನು ತುಂಗಾ ಎಂದು ಬದಲಿಸಿದರೆ ಪರಿವರ್ತನೆ ಆಗುವುದಿಲ್ಲ. ಪುಕ್ಕಟೆ ಪರಿವರ್ತಕಗಳಿವೆ, ಅವನ್ನೇ ಬಳಸಬೇಕು. ಅವೂ ತಪ್ಪುತ್ತವೆ. 'ಸೂರ್ಯ', 'ವರ್ಗ' ಇಂಥ ಅರ್ಕಾವೊತ್ತಿನ ಪದಗಳನ್ನು ನೋಡಿಕೊಳ್ಳಿ. ವಿಜ್ಞಾನದ ಪತ್ರಿಕೆಯಲ್ಲಿರುವ ಇಂಗ್ಲಿಷ್ ಸೂತ್ರಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಬಿಡಬಹುದು. ಹಳೆಯ ಫೈಲನ್ನು ಅಳಿಸದೆ, ಹೊಸದನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ.

1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು. ಅಂದಿನಿಂದ ಎರಡೂ ಕಡೆಯ ಸರ್ಕಾರಗಳನ್ನು ಕೇಳುವುದು ನಮಗೆ ರೂಢಿಯಾಗಿದೆ. ಕೇಳಲೇಬೇಕು, ಬಿಡಬಾರದು. ಆದರೆ ಈ ಕೆಲಸಕ್ಕೆ ಯಾರ ಆದೇಶವೂ ಬೇಡ, ಅನುದಾನವೂ ಬೇಡ. ನಾವು ಬರೆದದ್ದನ್ನು ನಾವೇ ಓದಲಾಗದಂತೆ ಕೊಳೆಹಾಕಿ, ಕನ್ನಡವನ್ನು ಉಳಿಸಿ ಎಂದು ಬೇರೆಯವರನ್ನು ಕೇಳಲು ನಮಗೆ ಯಾವ ಬಾಯಿ?

ಆ ಮೇಷ್ಟ್ರು ಇನ್ನೇನು ನಿವೃತ್ತರಾಗುತ್ತಾರೆ. ದಿನಕ್ಕೆ ಎರಡು ಫೈಲಿನಂತೆ ಇಬ್ಬರೂ ಕೂತು ಬದಲಿಸುತ್ತಿದ್ದೇವೆ. ನಿಮ್ಮ ಶಾಲೆಯ ಬೀರುವಿನಲ್ಲೂ ಇಂಥ ಪೆನ್‌ಡ್ರೈವ್, ಸಿ.ಡಿ. ಇದ್ದೇ ಇರುತ್ತದೆ. ಅದನ್ನು ಟೈಪ್ ಮಾಡಿದವರು ಶಾಲೆಯಲ್ಲಿರುವಾಗಲೇ ತೆಗೆದು ನೋಡಿ. ಏನಂತೀರಿ?