ಚಿತ್ರಕಥೆಗಳ ಕವಲುಗಳೂ ನಮ್ಮ ಹೆಣ್ಣುಮಕ್ಕಳೂ



ನಮ್ಮ ಮಕ್ಕಳು ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ನೋಡುವ ಕಾರ್ಟೂನುಗಳ ವಿಷಯವಾಗಿ ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಲಿತವಾಗಿವೆ. ಕೆಲವರು ಅವೆಲ್ಲವೂ ಕಾಲಹರಣದ ಸಾಧನಗಳೆಂದು ಮೊಬೈಲನ್ನು ಕಸಿದು ಕಪಾಟಿನಲ್ಲಿಟ್ಟು ಕೀಲಿ ಹಾಕುವರು. ಮತ್ತೆ ಕೆಲವರು ಅವು ಬರಿಯ ಗೊಂಬೆಗಳ ಆಟವೆಂದು ತಿಳಿದು, ಮಗು ಸುಮ್ಮನಿದ್ದರೆ ಸಾಕೆಂದು ಅತ್ತ ನೋಡುವದೇ ಇಲ್ಲ. ಈ ಎರಡೂ ಮಾರ್ಗಗಳು ನಮಗೆ ಸಮ್ಮತವಲ್ಲ. ಮೊದಲನೆಯದು ವಿಚಾರಿಸದೆ ತಳ್ಳುವದು. ಎರಡನೆಯದು ವಿಚಾರಿಸದೆ ಒಪ್ಪುವದು. ವಿಚಾರಿಸುವದೇ ವಿದ್ಯೆಯ ಫಲವೆಂದು ಕಲಿಸಿದ ಶಾಲೆಯ ಮಕ್ಕಳಾದ ನಾವು ಈ ವಿಷಯವನ್ನೂ ವಿಚಾರಿಸಿಯೇ ತೀರ್ಮಾನಿಸತಕ್ಕದ್ದು.

ವಿಶೇಷವಾಗಿ ಒಂದು ಜಾತಿಯ ಕಥೆಗಳ ಕಡೆಗೆ ನಾವು ತಮ್ಮ ಗಮನವನ್ನು ಸೆಳೆಯಬಯಸುತ್ತೇವೆ. ಜಗತ್ಪ್ರಸಿದ್ಧವಾದ ಒಂದು ಕಾರ್ಟೂನು ಅಥವಾ ವಿಡಿಯೋ ಆಟ ಇದ್ದರೆ, ಅದರಿಂದ ಕವಲೊಡೆದು ಜಪಾನ್ ದೇಶದಲ್ಲಿ ಆನಿಮೆ ಎಂಬ ಚಲಿಸುವ ಚಿತ್ರಕಥೆಯಾಗಿ ಬೇರೊಂದು ಹುಟ್ಟುವದುಂಟು. ಮೂಲವನ್ನು ಎಲ್ಲರೂ ಬಲ್ಲರು. ಕವಲನ್ನು ಬಲ್ಲವರು ಕಡಿಮೆ. ಇವುಗಳನ್ನು ನಾವು ಶಾಖಾಕಥೆಗಳೆಂದು ಕರೆಯೋಣ.

ಶಾಖಾಕಥೆಯೆಂದರೆ ನಮ್ಮ ನಾಡಿಗೆ ಹೊಸದಲ್ಲ. ಲಕ್ಷ್ಮೀಶ ಕವಿಯ ಜೈಮಿನಿ ಭಾರತವನ್ನು ಕೇಳದ ಕನ್ನಡಿಗರುಂಟೆ? ಆ ಕವಿಯ ಊರು ಸುರಪುರದ ಬಳಿಯ ದೇವಾಪುರವೆಂದು ಕೆಲವು ವಿದ್ವಾಂಸರೂ, ಕಡೂರು ಸೀಮೆಯ ದೇವನೂರೆಂದು ಇನ್ನು ಕೆಲವರೂ ವಾದಿಸುವರು. ಆ ವಾದವು ಹಾಗಿರಲಿ. ಅವನ ಕಾವ್ಯವು ಮಹಾಭಾರತದ ಅಶ್ವಮೇಧ ಪ್ರಸಂಗದಿಂದ ಕವಲೊಡೆದು, ಮೂವತ್ತನಾಲ್ಕು ಸಂಧಿಗಳಾಗಿ ಬೆಳೆದ ಶಾಖಾಕಥೆಯೇ ಸರಿ. ಅದರೊಳಗಿನ ಚಂದ್ರಹಾಸನ ಉಪಾಖ್ಯಾನವನ್ನು ನೆನೆಯಿರಿ. ಈ ಯುವಕನಿಗೆ ವಿಷವನ್ನು ಕೊಡಬೇಕೆಂದು ದುಷ್ಟಬುದ್ಧಿಯು ತನ್ನ ಮಗನಿಗೆ ಬರೆದ ಪತ್ರವನ್ನು, ಅವನ ಮಗಳಾದ ವಿಷಯೆಯು ಓದಿ, ವಿಷವೆಂಬುದನ್ನು ವಿಷಯೆಯೆಂದು ತಿದ್ದಿ, ಒಂದು ಪ್ರಾಣವನ್ನು ಉಳಿಸಿದಳು. ಓದುಬರಹ ಬಲ್ಲ ಒಬ್ಬ ಕನ್ಯೆಯು ಒಂದು ಅಕ್ಷರದಿಂದ ಎಷ್ಟು ಮಾಡಬಲ್ಲಳೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತ ಬೇಕೆ? ಪಾಂಡವರ ಮೂಲಕಥೆಯಲ್ಲಿ ಇವಳಿಗೆ ಸ್ಥಳವಿಲ್ಲ. ಕವಲಿನಲ್ಲಿ ಸ್ಥಳ ದೊರೆಯಿತು.

ಕ್ರೈಸ್ತ ಸಾಹಿತ್ಯದಲ್ಲಿಯೂ ಹೀಗೆಯೇ ಆಗಿದೆ. ಜಾನ್ ಬನ್ಯನನು ೧೬೭೮ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆಯಲ್ಲಿ ಗಂಡಸೊಬ್ಬನು ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಪರಲೋಕದ ಪಟ್ಟಣಕ್ಕೆ ಹೊರಡುತ್ತಾನೆ. ಬಿಟ್ಟುಹೋದ ಆ ಹೆಂಡತಿಯ ಗತಿಯೇನಾಯಿತೆಂಬುದನ್ನು ಹೇಳುವದಕ್ಕಾಗಿ ಅದೇ ಬನ್ಯನನು ೧೬೮೪ರಲ್ಲಿ ಎರಡನೆಯ ಭಾಗವನ್ನು ಬರೆದನು. ಅದರಲ್ಲಿ ಕ್ರಿಸ್ತಿಯಾನಳು ತನ್ನ ನಾಲ್ವರು ಗಂಡುಮಕ್ಕಳನ್ನೂ ನೆರೆಯ ತರುಣಿಯನ್ನೂ ಕರೆದುಕೊಂಡು ತಾನೇ ಆ ದಾರಿಯನ್ನು ನಡೆಯುತ್ತಾಳೆ. ಮೂಲದಲ್ಲಿ ಬಾಗಿಲಲ್ಲಿ ನಿಂತವಳು ಶಾಖೆಯಲ್ಲಿ ಯಾತ್ರಿಕಳಾದಳು. ಆದುದರಿಂದ ನಾವು ಶಾಖಾಕಥೆಯನ್ನು ಅದು ಶಾಖೆಯೆಂಬ ಮಾತ್ರಕ್ಕೆ ಕೀಳೆಂದು ಎಣಿಸಲಾಗದು. ಮೂಲವು ಯಾರನ್ನು ಮರೆಯಿತೋ ಅವರನ್ನು ಶಾಖೆಯು ನೆನೆಯುತ್ತದೆಯೋ ಇಲ್ಲವೋ ಎಂಬುದೇ ಕೇಳತಕ್ಕ ಪ್ರಶ್ನೆ.

ಈ ಪ್ರಶ್ನೆಯನ್ನು ಹಿಡಿದುಕೊಂಡು ಜಪಾನಿನ ಕೆಲವು ಕಥೆಗಳನ್ನು ನೋಡೋಣ.

ಪೋಕೆಮಾನ್ ಎಂಬ ಹೆಸರನ್ನು ಕೇಳದ ಮಕ್ಕಳಿಲ್ಲ. ೧೯೯೬ರಲ್ಲಿ ಅದು ವಿಡಿಯೋ ಆಟವಾಗಿ ಹುಟ್ಟಿತು, ೧೯೯೭ರಲ್ಲಿ ಚಿತ್ರಕಥೆಯಾಯಿತು. ಆ ಕಥೆಯ ನಾಯಕನೊಡನೆ ಮೊದಲಿನಿಂದ ಊರೂರು ತಿರುಗಿದ ಹುಡುಗಿ ಮಿಸ್ಟಿ. ಅವಳ ಮೂವರು ಅಕ್ಕಂದಿರು ಲೋಕಸಂಚಾರಕ್ಕೆ ಹೊರಟಾಗ, ಮನೆಯ ಪಂದ್ಯಶಾಲೆಯನ್ನು ನೋಡಿಕೊಳ್ಳುವವರಿಲ್ಲವೆಂದು ೨೦೦೨ರ ಸುಮಾರಿಗೆ ಅವಳನ್ನು ಕಥೆಯಿಂದ ಮನೆಗೆ ಕಳುಹಿಸಿಬಿಟ್ಟರು. ನಾಯಕನು ಮುಂದೆ ನಡೆದನು. ಅವಳು ಹಿಂದೆ ಉಳಿದಳು. ಮನೆಯ ಕೆಲಸಕ್ಕೆ ಆಳಿಲ್ಲವೆಂದು ಶಾಲೆಯನ್ನು ಬಿಡಿಸಲ್ಪಟ್ಟ ಹೆಣ್ಣುಮಕ್ಕಳನ್ನು ಕಂಡ ನಮಗೆ ಈ ತಿರುವು ಬಹಳ ಪರಿಚಿತವಾದುದಲ್ಲವೆ?

ಆದರೆ 'ಪೋಕೆಮಾನ್ ಕ್ರಾನಿಕಲ್ಸ್' ಎಂಬ, ಹೆಚ್ಚು ಜನರು ಅರಿಯದ ಶಾಖಾಕಥೆಯು ಆ ಹುಡುಗಿಯ ಮನೆಯ ಬಾಗಿಲನ್ನು ತಟ್ಟಿತು. ೨೨ ಪ್ರಸಂಗಗಳ ಆ ಮಾಲೆಯಲ್ಲಿ ಮುಖ್ಯಕಥೆಯು ಹಿಂದೆ ಬಿಟ್ಟ ಸಂಗಡಿಗರ ವೃತ್ತಾಂತಗಳಿವೆ. ಮಿಸ್ಟಿಯು ಕೂಸಾಗಿದ್ದಾಗ ಗ್ಯಾರಡೋಸ್ ಎಂಬ ಹಾವಿನಾಕಾರದ ಜಲಪ್ರಾಣಿಯ ಬಾಯೊಳಕ್ಕೆ ತೆವಳಿ ಹೋಗಿ, ಅಂದಿನಿಂದ ಅದಕ್ಕೆ ಬಹಳವಾಗಿ ಹೆದರುವಳು. ಪಂದ್ಯಶಾಲೆಯ ಒಡತಿಯಾದ ಮೇಲೆ ಅಂಥದೇ ಪ್ರಾಣಿಯನ್ನು ಎದುರಿಸಿ, ಭಯವನ್ನು ಗೆದ್ದು, ಅದನ್ನೇ ತನ್ನ ಸಹಾಯಕ್ಕೆ ತಂದುಕೊಳ್ಳುತ್ತಾಳೆ. ಮನೆಗೆ ಕರೆಯಲ್ಪಟ್ಟಲ್ಲಿಗೆ ಅವಳ ಕಥೆ ಮುಗಿಯಲಿಲ್ಲವೆಂಬುದೇ ಇದರ ಸಾರ. ಇಂಥ ಕಥೆಯನ್ನು ನಮ್ಮ ಹುಡುಗಿಯರು ನೋಡುವದರಲ್ಲಿ ನಷ್ಟವೇನೂ ನಮಗೆ ಕಾಣುವದಿಲ್ಲ.

ಇನ್ನೊಂದು ದೃಷ್ಟಾಂತ. ಅಮೆರಿಕದ ಡಿಸ್ನಿ ಸಂಸ್ಥೆಯು ೨೦೦೨ರಲ್ಲಿ ಹೊರತಂದ ಚಿತ್ರವೊಂದರಲ್ಲಿ ಸ್ಟಿಚ್ ಎಂಬ ನೀಲಿ ಬಣ್ಣದ ತುಂಟಪ್ರಾಣಿಯು ಹವಾಯಿ ದ್ವೀಪದ ಲೀಲೋ ಎಂಬ ತಬ್ಬಲಿ ಹುಡುಗಿಯ ಮನೆಗೆ ಬರುತ್ತದೆ. ಅವಳನ್ನು ಸಾಕುವವಳು ಅವಳ ಅಕ್ಕ. ೨೦೦೮ರಲ್ಲಿ ಜಪಾನಿನವರು ಅದೇ ಪ್ರಾಣಿಯನ್ನು ಓಕಿನಾವಾ ಪ್ರಾಂತದ ಕಲ್ಪಿತ ದ್ವೀಪವೊಂದಕ್ಕೆ ತಂದು, ಯೂನಾ ಎಂಬ ಹುಡುಗಿಯ ಕೈಗೆ ಒಪ್ಪಿಸಿದರು. ಯೂನಾ ತನ್ನ ಅಜ್ಜಿಯೊಡನೆ ವಾಸಿಸುವವಳು. ಆ ಸೀಮೆಯ ಕರಾಟೆ ವಿದ್ಯೆಯನ್ನು ಬಲ್ಲವಳು. ಚೀನದವರು ೨೦೧೭ರಲ್ಲಿ ಅದೇ ಪ್ರಾಣಿಗೆ ತಮ್ಮ ದೇಶದಲ್ಲಿ ಮನೆ ಮಾಡಿಕೊಟ್ಟರು. ಪರದೇಶದ ಕಥೆಯನ್ನು ಹಾಗೆಯೇ ನುಂಗದೆ, ತಮ್ಮ ಊರು, ತಮ್ಮ ಅಜ್ಜಿ, ತಮ್ಮ ಆಚಾರಗಳೊಳಗೆ ಅದನ್ನು ನೆಡುವ ಈ ಜಾಣ್ಮೆಯನ್ನು ನಾವು ಮೆಚ್ಚುತ್ತೇವೆ. ಭಾರತಕ್ಕೂ ಇಂಥದೊಂದು ಬಂದಿತ್ತು: ಜಪಾನಿನಲ್ಲಿ ೧೯೬೮ರಲ್ಲಿ ಪ್ರಸಾರವಾದ ಬೇಸ್‌ಬಾಲ್ ಆಟದ ಕಥೆಯನ್ನು ಮುಂಬಯಿಯ ಬಡ ಹುಡುಗನ ಕ್ರಿಕೆಟ್ ಕಥೆಯಾಗಿ ಮಾರ್ಪಡಿಸಿ, 'ಸೂರಜ್' ಎಂಬ ಹೆಸರಿನಲ್ಲಿ ೨೦೧೨-೧೩ರಲ್ಲಿ ಹಿಂದಿಯಲ್ಲಿ ಪ್ರಸಾರಮಾಡಿದರು.

ಎಲ್ಲ ಕವಲುಗಳೂ ಫಲವತ್ತಾದವುಗಳೆಂದು ನಾವು ಹೇಳುವದಿಲ್ಲ. ಅಮೆರಿಕದಲ್ಲಿ ೧೯೯೮ರಲ್ಲಿ ಆರಂಭವಾದ 'ಪವರ್‌ಪಫ್ ಗರ್ಲ್ಸ್' ಕಥೆಯ ಮೂವರು ಸೋದರಿಯರು ಶಿಶುವಿಹಾರದ ವಯಸ್ಸಿನವರು, ಗೊಂಬೆಯಂಥ ಗುಂಡು ಮೈಯವರು. ಅವರಲ್ಲಿ ನೋಡತಕ್ಕದ್ದು ಧೈರ್ಯ ಮತ್ತು ಬುದ್ಧಿ. ೨೦೦೬ರಲ್ಲಿ ಜಪಾನಿನಲ್ಲಿ ೫೨ ಪ್ರಸಂಗಗಳಾಗಿ ಬಂದ ಅದರ ಶಾಖೆಯಲ್ಲಿ ಅವರು ಹದಿಮೂರು ವರ್ಷದ ಶಾಲಾಬಾಲಕಿಯರಾದರು. ಶಕ್ತಿಯು ಮೈಗೆ ಬರುವಾಗಲೆಲ್ಲ ಉಡುಪು, ನಿಲುವು, ಕುಣಿತಗಳ ದೀರ್ಘ ಪ್ರದರ್ಶನ. ಕಣ್ಣು ಕೆಲಸದಿಂದ ಅಲಂಕಾರದ ಕಡೆಗೆ ಸರಿಯಿತು. ಹುಡುಗಿಯು ಏನು ಮಾಡಿದಳೆಂಬುದಕ್ಕಿಂತ ಹೇಗೆ ಕಂಡಳೆಂಬುದು ಮುಂದಾಯಿತು. ಹೆಣ್ಣುಮಕ್ಕಳಿಗೆ ಸಮಾಜವು ಹಗಲಿರುಳೂ ಹೇಳುವ ಮಾತೇ ಇದಾಗಿರಲಾಗಿ, ಅದನ್ನು ಚಿತ್ರದಲ್ಲಿಯೂ ಹೇಳಿಸಿಕೊಳ್ಳುವ ಅವಶ್ಯಕತೆ ನಮಗೆ ತೋರುವದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದುಂಟು. ಶಹಾಪುರದ ಬೆಟ್ಟವು ದೂರದಿಂದ ಮಲಗಿದ ಬುದ್ಧನಂತೆ ಕಾಣುವದು; ಹತ್ತಿರ ಹೋದರೆ ಬೇರೆ ಬೇರೆ ಬಂಡೆಗಳು. ಪಾಲಕರಿಗೂ ದೂರದಿಂದ ಎಲ್ಲ ಆನಿಮೆಗಳೂ ಒಂದೇ ಆಕಾರವಾಗಿ ಕಾಣುವವು. ಬಣ್ಣದ ಚಿತ್ರವಾದುದರಿಂದ ಮಕ್ಕಳದೇ ಇರಬೇಕೆಂದು ಊಹಿಸುವರು. ವಿಡಿಯೋ ಆಟವೊಂದರಿಂದ ಕವಲೊಡೆದು ೨೦೨೨ರಲ್ಲಿ ಬಂದ 'ಸೈಬರ್‌ಪಂಕ್: ಎಡ್ಜ್‌ರನರ್ಸ್' ಎಂಬುದು ರಕ್ತಪಾತವೂ ನಗ್ನತೆಯೂ ಉಳ್ಳ, ವಯಸ್ಕರಿಗಾಗಿಯೇ ಮಾಡಿದ ಕಥೆ. ೨೦೨೧ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅಂತರಜಾಲದಲ್ಲಿ ಚಿತ್ರಗಳನ್ನು ಒದಗಿಸುವ ಸಂಸ್ಥೆಗಳು ಪ್ರತಿಯೊಂದು ಕಥೆಯ ಮೇಲೂ ಎಲ್ಲರಿಗೆ, ಏಳು, ಹದಿಮೂರು ಅಥವಾ ಹದಿನಾರು ವರ್ಷ ಮೀರಿದವರಿಗೆ, ಅಥವಾ ವಯಸ್ಕರಿಗೆ ಎಂಬ ಗುರುತನ್ನು ಹಾಕತಕ್ಕದ್ದು. ಹದಿಮೂರು ಮತ್ತು ಅದಕ್ಕೆ ಮೇಲ್ಪಟ್ಟ ಗುರುತಿನವುಗಳಿಗೆ ಪಾಲಕರು ಬೀಗ ಹಾಕುವ ಅನುಕೂಲವನ್ನೂ ಮಾಡಿಕೊಡತಕ್ಕದ್ದು. ಕಪಾಟಿಗೆ ಕೀಲಿ ಹಾಕುವದರ ಬದಲು ಈ ಬೀಗವನ್ನು ಹಾಕಲು ಕಲಿತರೆ ಒಳ್ಳೆಯದು.

ನಮ್ಮ ಸಭೆಗಳ ಹಿರಿಯರು ಕೆಲವರು ಸತ್ಯವೇದದ ಕಥೆಗಳನ್ನಾದರೂ ನೋಡಲಿ, ಇವೇಕೆ ಎಂದು ಕೇಳಬಹುದು. ಸತ್ಯವೇದವೂ ಈ ದಾರಿಯಲ್ಲಿ ನಡೆದಿದೆಯೆಂದು ಅವರಿಗೆ ಅರಿಕೆಮಾಡುತ್ತೇವೆ. ಜಪಾನಿನ ತತ್ಸುನೊಕೊ ಚಿತ್ರಶಾಲೆಯು ಅಮೆರಿಕದ ಕ್ರೈಸ್ತ ಪ್ರಸಾರ ಸಂಸ್ಥೆಯೊಂದಿಗೆ ಸೇರಿ, 'ಸೂಪರ್‌ಬುಕ್' ಎಂಬ ಮಾಲೆಯನ್ನು ೧೯೮೧ರಿಂದಲೂ, ಹೊಸ ಒಡಂಬಡಿಕೆಯ ಕಥೆಗಳುಳ್ಳ 'ಫ್ಲೈಯಿಂಗ್ ಹೌಸ್' ಎಂಬುದನ್ನು ೧೯೮೨ರಿಂದಲೂ ಹೊರತಂದಿತು. ಎರಡರಲ್ಲಿಯೂ ಈ ಕಾಲದ ಮಕ್ಕಳು ಯಂತ್ರಮನುಷ್ಯನೊಡನೆ ಪುರಾತನ ಕಾಲಕ್ಕೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುವರು. ಯಂತ್ರಮನುಷ್ಯನು ಗ್ರಂಥದಲ್ಲಿಲ್ಲವೆಂಬುದು ನಿಜ. ಹೀಗಿದ್ದರೂ ಬಾಗಿಲನ್ನು ಮನೆಯೆಂದು ಭ್ರಮಿಸದೆ, ಬಾಗಿಲಿನಿಂದ ಒಳಗೆ ಹೋಗುವದನ್ನು ಕಲಿಸಿದರೆ ಕೇಡಿಲ್ಲ. ಅಪೊಸ್ತಲನಾದ ಪೌಲನು ಥೆಸಲೋನಿಕದವರಿಗೆ ತೋರಿಸಿದ ಮಾರ್ಗವು ಪರೀಕ್ಷೆಯದು, ಕಣ್ಣು ಮುಚ್ಚಿಕೊಳ್ಳುವದಲ್ಲ.

ಆದರೆ ತಾಯಿಯು ಮಗಳ ಪಕ್ಕದಲ್ಲಿ ಕುಳಿತು ಪರೀಕ್ಷಿಸಬೇಕಾದರೆ ಅವಳಿಗೆ ಆ ಕಥೆ ತಿಳಿಯಬೇಕಷ್ಟೆ. ಇಲ್ಲಿಯೇ ನಮ್ಮ ಸೀಮೆಯ ಕಷ್ಟವಿರುವದು. ೨೦೦೯ರ ದಶಂಬರದಲ್ಲಿ ಯಾದಗಿರಿಯು ಬೇರೆ ಜಿಲ್ಲೆಯಾಯಿತು. ೨೦೧೧ರ ಜನಗಣತಿಯಲ್ಲಿ ಅಕ್ಷರಸ್ಥರ ಪ್ರಮಾಣವು ನೂರಕ್ಕೆ ಸುಮಾರು ೫೨ ಆಗಿದ್ದು, ರಾಜ್ಯದಲ್ಲಿಯೇ ಕಡೆಯದಾಗಿತ್ತು. ಸ್ತ್ರೀಯರಲ್ಲಿ ಸುಮಾರು ೪೧ ಮಾತ್ರ. ಇಂಥಲ್ಲಿ ಇಂಗ್ಲಿಷಿನ ಅಡಿಬರಹವನ್ನು ಓದಿ ಮಗಳಿಗೆ ಬುದ್ಧಿ ಹೇಳುವ ತಾಯಂದಿರು ಎಷ್ಟು ಮಂದಿ? ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಉರ್ದುವಿನಲ್ಲಿ ಓದಬೇಕಾದ ಹಿರಿಯರ ವಂಶದವರು ನಾವು. ವಿದ್ಯೆಯು ಪರಭಾಷೆಯಲ್ಲಿ ಬಂದರೆ ಮನೆಯು ಅದಕ್ಕೆ ಹೊರಗಾಗುವದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ೧೯೯೩ರಲ್ಲಿ ದೂರದರ್ಶನದಲ್ಲಿ ಬಂದ ಜಪಾನಿನ 'ಜಂಗಲ್ ಬುಕ್' ಕಥೆಯನ್ನು ನಮ್ಮಲ್ಲಿ ಎಷ್ಟೋ ಮಂದಿ ಹಿಂದಿಯಲ್ಲಿಯೇ ನೋಡಿದೆವು. ಗುಲ್ಜಾರರ ಹಾಡನ್ನು ಹಿಂದಿಯಲ್ಲಿಯೇ ಹಾಡಿದೆವು. ೨೦೦೯ರಲ್ಲಿ ಆರಂಭವಾದ ಚಿಂಟು ಟಿವಿಯು ಕಾರ್ಟೂನುಗಳಿಗೆ ಕನ್ನಡದ ಮಾತನ್ನು ಕೊಟ್ಟಿತು. ಕನ್ನಡಕ್ಕೆ ಡಬ್ಬಿಂಗ್ ಮಾಡಲು ಬಹುಕಾಲದಿಂದ ಇದ್ದ ಅಡ್ಡಿಯನ್ನು ಭಾರತದ ಸ್ಪರ್ಧಾ ಆಯೋಗವು ೨೦೧೫ರಲ್ಲಿ ಸರಿಯಲ್ಲವೆಂದು ತೀರ್ಪಿತ್ತಿತು. ಆದುದರಿಂದ ಇನ್ನು ಕೊರತೆಯಿರುವದು ಕೇಳುವವರದು. ಮಕ್ಕಳ ಕಥೆಗಳು ಕನ್ನಡದಲ್ಲಿ ಬೇಕೆಂದು ಪಾಲಕರು ಕೇಳತಕ್ಕದ್ದು. ಕನ್ನಡದ ಧ್ವನಿ ಇರುವಲ್ಲಿ ಅದನ್ನೇ ಆರಿಸಿಕೊಳ್ಳತಕ್ಕದ್ದು.

ಕೊನೆಯದಾಗಿ, ಮಾಡತಕ್ಕ ಕೆಲಸಗಳನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ. ವಾರಕ್ಕೆ ಒಂದು ಸಲವಾದರೂ ತಾಯಿಯಾಗಲಿ ತಂದೆಯಾಗಲಿ ಮಗಳೊಡನೆ ಕುಳಿತು ಅವಳು ನೋಡುವದನ್ನು ನೋಡಲಿ. ನೋಡಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಲಿ: ಇದು ಯಾರ ಕಥೆ? ಇದರಲ್ಲಿ ಹುಡುಗಿಯು ತನ್ನ ಸ್ವಂತ ಬುದ್ಧಿಯಿಂದ ಏನು ಮಾಡಿದಳು? ಇದನ್ನು ನಮಗೆ ತೋರಿಸಿ ಯಾರು ಏನನ್ನು ಮಾರುತ್ತಿದ್ದಾರೆ? ಮೂರನೆಯದನ್ನು ಮರೆಯಬಾರದು, ಏಕೆಂದರೆ ಎಷ್ಟೋ ಶಾಖಾಕಥೆಗಳು ಆಟಿಕೆಗಳನ್ನೂ ಚೀಟಿಗಳನ್ನೂ ಮಾರುವದಕ್ಕಾಗಿಯೇ ಹುಟ್ಟಿದವುಗಳು. ಶಿಕ್ಷಕಿಯರಾದ ಹಳೆಯ ವಿದ್ಯಾರ್ಥಿನಿಯರು ತರಗತಿಯಲ್ಲಿ ಮಕ್ಕಳಿಂದಲೇ ಶಾಖಾಕಥೆಗಳನ್ನು ಬರೆಯಿಸಲಿ. ಎರಡನೆಯ ಅರಸುಗಳ ಗ್ರಂಥದಲ್ಲಿ ನಾಮಾನನ ಮನೆಗೆ ಸೆರೆಯಾಗಿ ಬಂದ ಒಬ್ಬ ಚಿಕ್ಕ ಹುಡುಗಿಯುಂಟು. ಅವಳಾಡಿದ ಒಂದು ಮಾತಿನಿಂದ ಯಜಮಾನನ ಕುಷ್ಠವು ವಾಸಿಯಾಗುವ ದಾರಿ ತಿಳಿಯಿತು. ಅವಳ ಹೆಸರನ್ನು ಗ್ರಂಥವು ಹೇಳುವದಿಲ್ಲ. ಅವಳ ಊರು ಯಾವದು, ಅವಳ ತಾಯಿ ಏನಾದಳು, ಆಮೇಲೆ ಅವಳು ಮನೆಗೆ ಮರಳಿದಳೋ ಎಂಬುದನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯು ಊಹಿಸಿ ಬರೆಯಲಿ.

ಹೀಗೆ ಬರೆಯಬಲ್ಲವಳು ನೋಡುವಾಗಲೂ ವಿವೇಕದಿಂದ ನೋಡುವಳು. ಅವಳ ಮುಂದೆ ಯಾರು ಎಂಥ ಪತ್ರವನ್ನು ಹಿಡಿದರೂ ಅದನ್ನು ಓದಿ, ತಿದ್ದಬೇಕಾದಲ್ಲಿ ತಿದ್ದುವ ಶಕ್ತಿಯನ್ನು ದೇವರು ಅವಳಿಗೆ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.