ಹಾಸನದ ಭಯ ಮತ್ತು ಹತ್ತಿರದ ಇಸಿಜಿ

2025ರ ಜೂನ್ ಕೊನೆಯ ಹೊತ್ತಿಗೆ ಹಾಸನ ಜಿಲ್ಲೆಯಿಂದ ಬರುತ್ತಿದ್ದ ಸುದ್ದಿ ಇಡೀ ರಾಜ್ಯವನ್ನು ಕಂಗೆಡಿಸಿತು. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತಿದ್ದಾರೆ, ಅವರಲ್ಲಿ ಹಲವರು ಎಳೆಯ ವಯಸ್ಸಿನವರು ಎಂಬ ವರದಿ ಬಂದದ್ದೇ ತಡ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹಠಾತ್ತಾಗಿ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಹಾಸನದ ಸಾವುಗಳ ಬಗ್ಗೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿದ್ದಕ್ಕೆ ಆಧಾರವಿಲ್ಲ, ಪಟ್ಟಿಯಲ್ಲಿದ್ದ ಸಾವುಗಳೆಲ್ಲವೂ ಹೃದ್ರೋಗದವಲ್ಲ, ಧೂಮಪಾನ, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೇ ಹೆಚ್ಚಿನವರ ಬೆನ್ನಿಗಿದ್ದವು ಎಂದು ಸಮಿತಿ ಹೇಳಿತು. ವರದಿ ಬಂದ ಮೇಲೆ ಸಾಲು ಕರಗಿತು, ಚರ್ಚೆಯೂ ನಿಂತಿತು. ನಿಲ್ಲಬಾರದಿತ್ತು. ಸಾಲಿನಲ್ಲಿ ನಿಂತವರ ಆತಂಕ ಸಹಜವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆ ಆತಂಕ ಅವರನ್ನು ಕರೆದೊಯ್ದ ಜಾಗ ಸರಿಯಾದದ್ದಲ್ಲ. ಹೃದಯಾಘಾತದಿಂದ ಅತಿ ಹೆಚ್ಚು ಜೀವ ಉಳಿಸಬಲ್ಲ ಕೆಲಸಗಳು ಎರಡು. ಆಘಾತಕ್ಕೆ ಎಷ್ಟೋ ವರ್ಷ ಮೊದಲೇ ಬಿಪಿ, ಸಕ್ಕರೆ, ತಂಬಾಕನ್ನು ಹಿಡಿತಕ್ಕೆ ತರುವುದು ಒಂದು. ನೋವು ಕಾಣಿಸಿಕೊಂಡ ದಿನ ತಡಮಾಡದೆ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಇನ್ನೊಂದು. ಎರಡೂ ಆಗಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ. ಸರ್ಕಾರದ ದುಡ್ಡು, ಪತ್ರಿಕೆಗಳ ಗಮನ, ಜನರ ಒತ್ತಾಯ ಹರಿಯಬೇಕಾದದ್ದೂ ಅಲ್ಲಿಗೇ.

ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ‘ಫುಲ್ ಚೆಕಪ್’ ಮಾಡಿಸಿಕೊಂಡರೆ ನಿಶ್ಚಿಂತೆ ಎಂಬ ನಂಬಿಕೆ ಏಕೆ ಸಡಿಲ ಎಂಬುದನ್ನು ತಿಳಿಯಲು ಹೃದಯಾಘಾತ ಹೇಗೆ ಆಗುತ್ತದೆಂಬುದನ್ನು ನೋಡಬೇಕು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರಿಕೊಳ್ಳುವುದು ಹರೆಯದಲ್ಲೇ ಶುರುವಾಗಬಹುದು. ವರ್ಷಗಟ್ಟಲೆ ಅದು ತಾನಿರುವುದನ್ನೇ ತೋರಗೊಡುವುದಿಲ್ಲ. ಒಂದು ದಿನ ಆ ಕೊಬ್ಬಿನ ಗಂಟಿನ ಮೇಲಿನ ತೆಳು ಪೊರೆ ಬಿರಿಯುತ್ತದೆ. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟುವುದು ದೇಹದ ಧರ್ಮ. ಮೂರು ನಾಲ್ಕು ಮಿಲಿಮೀಟರ್ ಅಗಲದ ನಾಳದೊಳಗೆ ಅದೇ ಧರ್ಮ ಪ್ರಾಣಕ್ಕೆ ಕುತ್ತಾಗುತ್ತದೆ. ನಿಮಿಷಗಳಲ್ಲಿ ನಾಳ ಮುಚ್ಚಿಹೋಗಿ, ಅದನ್ನು ನೆಚ್ಚಿಕೊಂಡ ಸ್ನಾಯು ಸಾಯತೊಡಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಬಿರಿಯುವ ಗಂಟು ಅದಕ್ಕೆ ಮುಂಚೆ ನಾಳವನ್ನು ಹೆಚ್ಚು ಕಟ್ಟಿರಲೇಬೇಕೆಂದಿಲ್ಲ. ಅರ್ಧಕ್ಕಿಂತ ಕಡಿಮೆ ಅಡಚಣೆಯಿದ್ದ ಜಾಗದಲ್ಲೇ ಎಷ್ಟೋ ಆಘಾತಗಳು ಆಗುತ್ತವೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಟಿಎಂಟಿ ಪರೀಕ್ಷೆಗೆ ಸಿಕ್ಕುವುದು ರಕ್ತದ ಹರಿವಿಗೆ ಈಗಾಗಲೇ ಅಡ್ಡಿಯಾಗಿರುವ ದೊಡ್ಡ ಅಡಚಣೆಗಳು ಮಾತ್ರ. ಕಳೆದ ತಿಂಗಳು ಟಿಎಂಟಿ ನಾರ್ಮಲ್ ಬಂದಿತ್ತಲ್ಲ, ಈಗ ಹೇಗೆ ಹೀಗಾಯಿತು ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಪರೀಕ್ಷೆ ತಪ್ಪಾಗಿರಲಿಲ್ಲ, ಅದು ಹೇಳಲಾರದ್ದನ್ನು ನಾವು ಅದರಿಂದ ಕೇಳಿದ್ದೆವು. ಇದರ ಮತ್ತೊಂದು ಮುಖವೂ ಉಂಟು. ಯಾವ ಲಕ್ಷಣವೂ ಇಲ್ಲದ, ಅಪಾಯ ಕಡಿಮೆಯಿರುವ ಮೂವತ್ತೈದರ ಹೆಣ್ಣುಮಗಳಿಗೆ ಟಿಎಂಟಿ ಮಾಡಿದರೆ ಇಲ್ಲದ ರೋಗವನ್ನು ಇದೆಯೆಂದು ತೋರಿಸುವ ಸಾಧ್ಯತೆ ಗಣನೀಯ. ಅಲ್ಲಿಂದ ಆಂಜಿಯೊಗ್ರಾಂ, ಸಾಲ, ನಿದ್ದೆಗೆಟ್ಟ ರಾತ್ರಿಗಳು.

ಹಾಗಾದರೆ ಪರೀಕ್ಷೆಗಳೇ ಬೇಡವೆ? ಬೇಕು, ಬೇಕಾದವರಿಗೆ ಬೇಕು. ಮೆಟ್ಟಿಲು ಹತ್ತುವಾಗ ಎದೆ ಹಿಡಿದು, ನಿಂತ ಕೂಡಲೇ ಬಿಡುವ ನೋವಿರುವವರು, ನಡೆದರೆ ಏದುಸಿರು ಬರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಕಂಡವರು ವೈದ್ಯರನ್ನು ಕಾಣಲೇಬೇಕು. ಎಕೊ, ಟಿಎಂಟಿ, ಅಗತ್ಯವಿದ್ದರೆ ಆಂಜಿಯೊಗ್ರಾಂ ಅಂಥವರಿಗಾಗಿಯೇ ಇವೆ. ಅಂಥವರಲ್ಲೂ ಸ್ಟೆಂಟ್ ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದಲ್ಲ. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನ ಸ್ಥಿರವಾದ ಹೃದ್ರೋಗವಿದ್ದ 5,179 ಮಂದಿಯನ್ನು ಮೂರು ವರ್ಷಕ್ಕೂ ಮಿಕ್ಕಿ ಗಮನಿಸಿತ್ತು. ಒಳ್ಳೆಯ ಔಷಧೋಪಚಾರವನ್ನಷ್ಟೇ ಮೊದಲು ಕೊಟ್ಟವರಿಗೂ, ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್‌ಗೆ ಒಯ್ದವರಿಗೂ ಸಾವು ಮತ್ತು ಆಘಾತದ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಹೆಚ್ಚಿದ್ದವರಿಗೆ ಸ್ಟೆಂಟ್‌ನಿಂದ ನೋವು ಚೆನ್ನಾಗಿ ತಗ್ಗಿತು, ಅದೂ ದೊಡ್ಡ ಲಾಭವೇ. ಎಡಭಾಗದ ಮುಖ್ಯ ನಾಳವೇ ಕಟ್ಟಿಕೊಂಡವರು, ಹೃದಯ ತೀರಾ ದುರ್ಬಲವಾದವರು ಈ ಅಧ್ಯಯನದಲ್ಲಿ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಹೃದಯಾಘಾತ ಆಗುತ್ತಿರುವ ಹೊತ್ತಿನ ಲೆಕ್ಕ ಮಾತ್ರ ಪೂರಾ ಬೇರೆ. ಅಲ್ಲಿ ಮುಚ್ಚಿದ ನಾಳವನ್ನು ಎಷ್ಟು ಬೇಗ ತೆರೆಯುತ್ತೇವೆ ಎಂಬುದರ ಮೇಲೆ ಜೀವ ನಿಂತಿದೆ.

ನಾವು ಸೋಲುತ್ತಿರುವುದು ಅಲ್ಲಿಯೇ. ಭಾರತದ 50 ನಗರಗಳ 89 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿ, 2008ರಲ್ಲಿ ಪ್ರಕಟವಾದ ‘ಕ್ರಿಯೇಟ್’ ನೋಂದಣಿಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರೂ ಇದ್ದರು. ಹೃದಯದ ಪ್ರಮುಖ ನಾಳ ಪೂರ್ತಿ ಮುಚ್ಚಿದ ಬಗೆಯ ಆಘಾತವಾದವರಲ್ಲಿ ಅರ್ಧದಷ್ಟು ಜನ ನೋವು ಶುರುವಾಗಿ ಆರು ಗಂಟೆ ಕಳೆದ ಮೇಲೆ ಆಸ್ಪತ್ರೆ ಮುಟ್ಟಿದ್ದರು. ಬಡವರಲ್ಲಿ ಸಾವು ಉಳ್ಳವರಿಗಿಂತ ಹೆಚ್ಚಿತ್ತು, ಚಿಕಿತ್ಸೆ ಸಿಕ್ಕಿದ್ದು ಕಡಿಮೆ. ಲೆಕ್ಕ ಹಳೆಯದು ನಿಜ. ಆದರೆ ಆ ಆರು ಗಂಟೆ ಹೇಗೆ ಕಳೆಯುತ್ತದೆಂಬುದು ನಮ್ಮ ಊರುಗಳನ್ನು ಬಲ್ಲ ಯಾರಿಗೂ ಹೊಸದಲ್ಲ. ರಾತ್ರಿ ಊಟವಾದ ಮೇಲೆ ಎದೆಯ ನಡುವೆ ಒತ್ತಿದಂತಾಗುತ್ತದೆ, ಮೈ ಬೆವರುತ್ತದೆ, ಎಡಗೈಯೋ ದವಡೆಯೋ ಜಗ್ಗುತ್ತದೆ. ಗ್ಯಾಸ್ಟ್ರಿಕ್ ಎಂದು ಮನೆಯವರೇ ತೀರ್ಮಾನಿಸಿ ಜೀರಿಗೆ ಕಷಾಯ ಕೊಡುತ್ತಾರೆ, ಆಮೇಲೆ ಈನೊ, ಆಮೇಲೆ ಮೆಡಿಕಲ್ ಶಾಪಿನಿಂದ ತಂದ ಗುಳಿಗೆ. ಬೆಳಕು ಹರಿಯಲಿ ನೋಡೋಣ ಎನ್ನುವಷ್ಟರಲ್ಲಿ ಹೃದಯದ ಅರ್ಧ ಗೋಡೆ ಸತ್ತಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ನೋವು ಅಷ್ಟು ಸ್ಪಷ್ಟವಾಗಿ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಬ್ಬಸವಾಗಿ ಬರುವುದೂ ಉಂಟು. ಅವರ ಆಘಾತಗಳು ಇನ್ನೂ ಸುಲಭವಾಗಿ ಗ್ಯಾಸ್ಟ್ರಿಕ್ ಲೆಕ್ಕಕ್ಕೆ ಹೋಗುತ್ತವೆ. ಗ್ಯಾಸ್ಟ್ರಿಕ್ಕೋ ಹೃದಯವೋ ಎಂದು ಕಣ್ಣಳತೆಯಲ್ಲಿ ಹೇಳಲು ಪಳಗಿದ ವೈದ್ಯರಿಗೂ ಆಗದು. ಹೆಚ್ಚಿನ ಸಲ ಇಸಿಜಿ ಹೇಳಬಲ್ಲದು. ಎದೆನೋವಿನ ರೋಗಿ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಜಗತ್ತಿನ ಪ್ರಮುಖ ಮಾರ್ಗಸೂಚಿಗಳು ಒಪ್ಪಿದ ಮಾತು. ಹನ್ನೆರಡು ಸಾಲುಗಳ ಆ ಕಾಗದಕ್ಕೆ ಆಂಜಿಯೊಗ್ರಾಂ ಮಾಡುವ ಕ್ಯಾತ್ ಲ್ಯಾಬ್ ಬೇಡ, ಮಹಾನಗರ ಬೇಡ. ಒಂದು ಯಂತ್ರ, ಒಬ್ಬ ಸ್ಟಾಫ್ ನರ್ಸ್, ಖಾಲಿಯಾಗದ ಜೆಲ್ ಮತ್ತು ಪೇಪರ್ ರೋಲ್ ಸಾಕು.

ಮುಂದಿನ ಹೆಜ್ಜೆಯಾದ ಹೆಪ್ಪು ಕರಗಿಸುವ ಇಂಜೆಕ್ಷನ್ ಬಗ್ಗೆ ಬಲವಾದ ಆಕ್ಷೇಪವೊಂದಿದೆ. ಮುಚ್ಚಿದ ನಾಳವನ್ನು ಬಲೂನು, ಸ್ಟೆಂಟ್‌ನಿಂದ ತೆರೆಯುವ ಆಂಜಿಯೊಪ್ಲಾಸ್ಟಿ ಇಂಜೆಕ್ಷನ್‌ಗಿಂತ ಉತ್ತಮ ಎಂದು ವಿಜ್ಞಾನವೇ ಹೇಳುವಾಗ ಹಳ್ಳಿಯವರಿಗೆ ಇಂಜೆಕ್ಷನ್ ಸಾಕೆನ್ನುವುದು ಅವರಿಗೆ ಎರಡನೇ ದರ್ಜೆಯ ಚಿಕಿತ್ಸೆ ಕೊಟ್ಟಂತಲ್ಲವೆ ಎಂಬುದು. ಆಂಜಿಯೊಪ್ಲಾಸ್ಟಿ ಉತ್ತಮ, ಆದರೆ ಇಸಿಜಿಯಲ್ಲಿ ಆಘಾತ ಗೊತ್ತಾದ 120 ನಿಮಿಷಗಳೊಳಗೆ ಅದು ಆಗುವುದಾದರೆ. ಉತ್ತರ ಕನ್ನಡದ ಕಾರವಾರದಿಂದ ದೊಡ್ಡಾಸ್ಪತ್ರೆಗಳಿರುವ ಉಡುಪಿಗೆ ಸುಮಾರು 200 ಕಿಲೋಮೀಟರ್. ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಆ ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ, ಅವರ ಕೇಳಿಕೆ ನೂರಕ್ಕೆ ನೂರು ನ್ಯಾಯವಾದದ್ದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತದ್ದನ್ನು ಆ ಜಿಲ್ಲೆ ಮರೆತಿಲ್ಲ. ಅಂಥ ಆಸ್ಪತ್ರೆ ಕಟ್ಟಿ ಮುಗಿಯುವವರೆಗೂ, ಕಟ್ಟಿದ ಮೇಲೆ ಅದರಿಂದ ಎರಡು ತಾಸು ದೂರವಿರುವ ಹಳ್ಳಿಗಳಿಗೂ, ಇಂಜೆಕ್ಷನ್ನೇ ಮೊದಲ ದರ್ಜೆಯ ಚಿಕಿತ್ಸೆ. ಟೆನೆಕ್ಟೆಪ್ಲೇಸ್ ಎಂಬ ಆ ಔಷಧಿಯನ್ನು ರಕ್ತನಾಳಕ್ಕೆ ಒಂದೇ ಸಲಕ್ಕೆ ಕೊಡಬಹುದು. ಡೋಸ್ ರೋಗಿಯ ತೂಕದ ಮೇಲೆ ನಿರ್ಧಾರ, 75 ದಾಟಿದವರಿಗೆ ಅರ್ಧ. ಮೆದುಳಿನಲ್ಲಿ ರಕ್ತಸ್ರಾವವಾಗುವ ಸಣ್ಣ ಆದರೆ ನಿಜವಾದ ಅಪಾಯ ಇದರಲ್ಲಿದೆ, ಅದಕ್ಕೆಂದೇ ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಕೊಡುವುದಿಲ್ಲ. ಇಂಜೆಕ್ಷನ್ ಕೊಟ್ಟು ಅಲ್ಲಿಗೇ ಕೈಬಿಡುವುದೂ ಅಲ್ಲ; ನಾಳ ತೆರೆದುಕೊಂಡ ರೋಗಿಯನ್ನು 24 ಗಂಟೆಯೊಳಗೆ ದೊಡ್ಡಾಸ್ಪತ್ರೆಗೆ ಸಾಗಿಸಿ ಆಂಜಿಯೊಗ್ರಾಂ ಮಾಡುತ್ತಾರೆ. ತೆರೆಯದಿದ್ದರೆ ಕೂಡಲೇ ಸಾಗಿಸುತ್ತಾರೆ. ಪಕ್ಕದ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡಾಸ್ಪತ್ರೆಗಳಿಗೆ ಜೋಡಿಸಿ ಹೀಗೆ ಮಾಡಿ ನೋಡಿದರು. ವ್ಯವಸ್ಥೆ ಬರುವ ಮುನ್ನ ಮತ್ತು ಬಂದ ಮೇಲಿನ ಒಟ್ಟು 2,420 ರೋಗಿಗಳನ್ನು ಹೋಲಿಸಿದ ಅಧ್ಯಯನದಲ್ಲಿ ಒಂದು ವರ್ಷದೊಳಗಿನ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿದಿತ್ತು. ನೂರು ಮನೆಗಳಲ್ಲಿ ಮೂರು ಮನೆಗೆ ಇದು ಏನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕ ಇದೇ ದಾರಿಯನ್ನು ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಾಗಿ 2023ರಲ್ಲಿ ಹಿಡಿಯಿತು. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ತಜ್ಞರ ಕಣ್ಣಿಗೆ ನಿಮಿಷಗಳಲ್ಲಿ ಹೋಗುತ್ತದೆ. ಆಘಾತವೆಂದು ಖಾತ್ರಿಯಾದರೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಇಂಜೆಕ್ಷನ್ ಅಲ್ಲೇ ಉಚಿತ. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಇಸಿಜಿ ಓದುವ ಅನುಭವ ಎಲ್ಲಿಂದ ಬರಬೇಕು ಎನ್ನುವವರಿಗೆ ಈ ವ್ಯವಸ್ಥೆಯೇ ಉತ್ತರ, ಅರ್ಧ ಉತ್ತರ. ಉಳಿದರ್ಧ ವೈದ್ಯರ ಮನಸ್ಸಿನಲ್ಲಿದೆ. ಏನಾದರೂ ಹೆಚ್ಚುಕಡಿಮೆಯಾದರೆ ಹೊಡೆತ ತಿನ್ನಬೇಕಾದೀತು ಎಂಬ ಅಳುಕಿನಿಂದ ‘ಮುಂದಕ್ಕೆ ಕರೆದೊಯ್ಯಿರಿ’ ಎಂದು ಚೀಟಿ ಬರೆದುಕೊಡುವುದು ಸುಲಭ. ಆ ಅಳುಕನ್ನು ಕಳೆಯಬೇಕಾದದ್ದು ಆರೋಗ್ಯ ಇಲಾಖೆ ಮಾತ್ರವಲ್ಲ, ರೋಗಿಯ ಕಡೆಯವರಾದ ನಾವೂ ಹೌದು. ಮೊದಲ ಇಸಿಜಿ ಸರಿಯಿದ್ದರೂ ಆಘಾತ ಆಗುತ್ತಿರಬಹುದು, ನೋವು ನಿಲ್ಲದಿದ್ದರೆ ಮತ್ತೆ ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ತೋರಿಸುವ ರಕ್ತದ ಟ್ರೊಪೋನಿನ್ ಏರಲು ಕೆಲವು ತಾಸು ಬೇಕು ಎಂಬುದನ್ನು ರೋಗಿಯ ಕಡೆಯವರು ತಿಳಿದಿದ್ದರೆ ‘ಏನೂ ಇಲ್ಲ ಅಂದ್ರು’ ಎಂದು ಮನೆಗೆ ಹೊರಟುಬಿಡುವುದು ತಪ್ಪುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಕಠಿಣವಾದದ್ದು. ನಿಂತಲ್ಲೇ ಕುಸಿದು ಸತ್ತವನಿಗೆ ತಾಲ್ಲೂಕು ಆಸ್ಪತ್ರೆಯ ಇಸಿಜಿ ಏನು ಮಾಡೀತು? ಏನೂ ಮಾಡದು. ನಾಳ ಮುಚ್ಚಿದ ಹೊತ್ತಿಗೆ ಹೃದಯದ ಲಯವೇ ತಪ್ಪಿ ಬಡಿತ ನಿಂತಾಗ ಪಕ್ಕದಲ್ಲಿದ್ದವರು ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಬಲವಾಗಿ ಒತ್ತುತ್ತ 108ಕ್ಕೆ ಕರೆ ಮಾಡಬೇಕು, ಆದಷ್ಟು ಬೇಗ ವಿದ್ಯುತ್ ಆಘಾತ ಕೊಡುವ ಯಂತ್ರ ಬರಬೇಕು. ಬಸ್ ನಿಲ್ದಾಣಗಳಲ್ಲಿ ಆ ಯಂತ್ರಗಳನ್ನಿಡುವುದು, ಕಂಡಕ್ಟರ್‌ಗಳಿಗೂ ಪಿಯು ವಿದ್ಯಾರ್ಥಿಗಳಿಗೂ ಎದೆ ಒತ್ತುವುದನ್ನು ಕಲಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಇಂಥ ಸಾವುಗಳಿಗೆ ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಇನ್ನೂ ನಿಂತಿಲ್ಲವಾದ್ದರಿಂದ ಹೇಳಬೇಕು: 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡಿಲ್ಲ. ಅಪಾಯ ಹೆಚ್ಚು ಕಂಡದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಎರಡು ದಿನ ಮೊದಲು ವಿಪರೀತ ಕುಡಿದಿದ್ದವರಲ್ಲಿ ಮತ್ತು ಅತಿಯಾಗಿ ಮೈ ದಂಡಿಸಿದವರಲ್ಲಿ.

ಆದರೂ ಕುಸಿದವರಲ್ಲಿ ಹೆಚ್ಚಿನವರನ್ನು ಉಳಿಸಿಕೊಳ್ಳಬಹುದಾದ ಗಳಿಗೆ ಅದಕ್ಕೂ ಹತ್ತು ವರ್ಷ ಹಿಂದಿರುತ್ತದೆ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲೇ ಹೇಳಿತ್ತು: ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟನ್ನು ಅಳೆಯಬಹುದಾದ, ತಿದ್ದಬಹುದಾದ ಒಂಬತ್ತು ಸಂಗತಿಗಳೇ ವಿವರಿಸುತ್ತವೆ. ತಂಬಾಕು, ಕೊಲೆಸ್ಟರಾಲ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು ಅದರಲ್ಲಿ ಮುಖ್ಯವಾದವು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬೇರೆಯವರಿಗಿಂತ ಸರಾಸರಿ ಆರು ವರ್ಷ ಮುಂಚೆ, 53ರ ಆಸುಪಾಸಿನಲ್ಲೇ ಬರುತ್ತದೆ. ಆ ಮುಂಚಿತನದ ಬಹುಪಾಲಿಗೂ ಇವೇ ಕಾರಣ. ದೇಶದಲ್ಲಿ ಹದಿನೈದು ದಾಟಿದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21 ಮಂದಿಗೆ ರಕ್ತದೊತ್ತಡವಿದೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅಂಥವರಿಗೆ ಬೇಕಾದ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ತರಹದ ಮಾತ್ರೆಗಳು ಹಳೆಯವು, ಅಗ್ಗದವು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕಷ್ಟವಿರುವುದು ಅವನ್ನು ದಿನಾ ನುಂಗುವುದರಲ್ಲಿ. ‘ಒಂದ್ಸಲ ಶುರು ಮಾಡಿದ್ರೆ ಬಿಡೋ ಹಾಗಿಲ್ಲ’ ಎಂದು ಶುರುವೇ ಮಾಡದವರು, ಬಿಪಿ ಸರಿಯಾಯಿತೆಂದು ಬಿಟ್ಟುಬಿಟ್ಟವರು, ಆರೋಗ್ಯ ಕೇಂದ್ರಕ್ಕೆ ಹೋದ ದಿನ ‘ಸ್ಟಾಕ್ ಇಲ್ಲ’ ಎನ್ನಿಸಿಕೊಂಡು ಬಂದು ಮತ್ತೆ ಹೋಗದವರು ಎಲ್ಲ ಊರಲ್ಲೂ ಇದ್ದಾರೆ. ಒಂದು ದಿನದ ಕೂಲಿ ಬಿಟ್ಟು ಮಾತ್ರೆಗೆ ಹೋಗಬೇಕಾದವನಿಗೆ ಉಚಿತ ಮಾತ್ರೆಯೂ ದುಬಾರಿಯೇ. ಮನೆ ಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ನೋಡುವ ‘ಗೃಹ ಆರೋಗ್ಯ’ದಂಥ ಯೋಜನೆಯನ್ನು ಮೆಚ್ಚಬೇಕಾದದ್ದು ಈ ಕಾರಣಕ್ಕೆ. ಅದರ ಯಶಸ್ಸನ್ನು ಎಷ್ಟು ಮಂದಿಯ ಬಿಪಿ ನೋಡಿದರು ಎಂದು ಲೆಕ್ಕ ಹಾಕಿದರೆ ಸಾಲದು. ಆರು ತಿಂಗಳ ಮೇಲೆ ಎಷ್ಟು ಮಂದಿಯ ಬಿಪಿ 140/90ರ ಕೆಳಗಿದೆ ಎಂಬುದನ್ನು ನೋಡಬೇಕು.

ಇಂಥ ಲೆಕ್ಕವನ್ನೇ ನಾವು ಸರ್ಕಾರದಿಂದ ಕೇಳಬೇಕು. ಆಸ್ಪತ್ರೆಯ ಹೊರಗಾಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ದಾಖಲಿಸಬೇಕೆಂಬ ಸಲಹೆ ಹಾಸನದ ಸಮಿತಿಯ ನಂತರ ಬಂದಿದೆ, ಅದು ತಾಲ್ಲೂಕು ಮಟ್ಟದವರೆಗೂ ಇಳಿಯಲಿ. ಅದರ ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯೂ ತಿಂಗಳಿಗೊಮ್ಮೆ ತನ್ನ ನೋಟಿಸ್ ಬೋರ್ಡಿನಲ್ಲಿ ನಾಲ್ಕು ಸಂಗತಿ ಬರೆದು ಹಾಕಲಿ: ಎದೆನೋವಿನವರು ಎಷ್ಟು ಜನ ಬಂದರು, ಬಂದ ಎಷ್ಟು ನಿಮಿಷಕ್ಕೆ ಇಸಿಜಿ ಆಯಿತು, ಆಘಾತವೆಂದು ಗೊತ್ತಾದ ಎಷ್ಟು ನಿಮಿಷಕ್ಕೆ ಇಂಜೆಕ್ಷನ್ ಸಿಕ್ಕಿತು, ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯುವವರು ಎಷ್ಟು ದಿನ ಇರಲಿಲ್ಲ. ಶಾಸಕರು ತಮ್ಮ ಕ್ಷೇತ್ರಕ್ಕೆ ಹೊಸ ಕಟ್ಟಡ ತರುವ ಮೊದಲು ಈ ನಾಲ್ಕಕ್ಕೆ ವಿಧಾನಸಭೆಯಲ್ಲಿ ಉತ್ತರ ಪಡೆಯಲಿ.