ರೊಟ್ಟಿ ಬಡಿಯುವ ಸಪ್ಪಳ

ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಬಯಲುಸೀಮೆಯ ಯಾವುದಾದರೊಂದು ಓಣಿಯಲ್ಲಿ ನಡೆದು ಹೋದರೆ ಮನೆಮನೆಯಿಂದಲೂ ಒಂದು ಸಪ್ಪಳ ಕೇಳಿಬರುತ್ತದೆ. ಅದಕ್ಕೆ ತಾಳವುಂಟು, ಲಯವುಂಟು. ಅಂಗೈ ಹಿಟ್ಟಿನ ಮೇಲೆ ಬೀಳುವ ಆ ಸಪ್ಪಳದಿಂದಲೇ ಯಾವ ಮನೆಯಲ್ಲಿ ಎಷ್ಟು ಮಂದಿ ಊಟಕ್ಕಿದ್ದಾರೆಂದು ಹೇಳಬಲ್ಲವರನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ದಿನದ ಸಪ್ಪಳ ಒಂದು ತೆರನಾದರೆ ಅತಿಥಿಗಳು ಬಂದ ದಿನದ ಸಪ್ಪಳ ಇನ್ನೊಂದು ತೆರ. ಅದು ಬೇಗ ಶುರುವಾಗುತ್ತದೆ, ತಡವಾಗಿ ನಿಲ್ಲುತ್ತದೆ.

ಮಹಾನಗರದಲ್ಲಿ ನೆಲೆಸಿರುವ ಓದುಗ ಸೋದರಿಯೊಬ್ಬರು, ತವರಿನಿಂದ ತಂದ ಹಿಟ್ಟಿನಲ್ಲಿ ಮಾಡಿದರೂ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಸ್ನೇಹಿತರನ್ನು ಊಟಕ್ಕೆ ಕರೆಯಲು ಸಂಕೋಚವಾಗುತ್ತದೆ ಎಂದು ಬರೆದು ಕಾರಣ ಕೇಳಿದ್ದಾರೆ. ಕಾರಣ ಸರಳವಾದುದು. ಗೋಧಿಯ ಹಿಟ್ಟನ್ನು ಎಳೆದರೆ ಹಿಗ್ಗುವಂತೆ ಮಾಡುವ ಗ್ಲುಟೆನ್ ಎಂಬ ಅಂಶ ಜೋಳದಲ್ಲಿ ಇಲ್ಲ. ಆದುದರಿಂದಲೇ ನಮ್ಮ ಹಿರಿಯ ತಾಯಂದಿರು ಕುದಿಯುವ ಎಸರನ್ನು ಹಿಟ್ಟಿಗೆ ಸುರಿಯುತ್ತಿದ್ದರು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರಳಿ ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ಬೀಸಿಟ್ಟು ಬಹಳ ದಿನವಾದ ಹಿಟ್ಟಿನಲ್ಲಿ ಈ ಜಿಗಿ ಕುಂದುತ್ತದೆ. ಸೋದರಿಯು ತವರಿನಿಂದ ಹಿಟ್ಟನ್ನು ತರುವ ಬದಲು ಜೋಳವನ್ನೇ ತಂದಿಟ್ಟುಕೊಂಡು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸಿಕೊಳ್ಳುವುದು ಲೇಸು. ಹೆಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುವುದನ್ನು ಮರೆಯಬಾರದು. ಒಣಹಿಟ್ಟು ಹಾಗೆಯೇ ಉಳಿದರೆ ರೊಟ್ಟಿ ಬಿರುಸಾಗುತ್ತದೆ, ಉಬ್ಬುವುದೂ ಇಲ್ಲ.

ಜೋಳದ ಆಯ್ಕೆಯೂ ಮುಖ್ಯ. ವಿಜಯಪುರದ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಮಾಲದಂಡಿ ಜೋಳದ ರೊಟ್ಟಿಗೆ ಇರುವ ಬಿಳುಪು, ಸಿಹಿ ಮತ್ತು ಮೃದುತ್ವ ಮಳೆಗಾಲದ ಹೈಬ್ರಿಡ್ ಜೋಳಕ್ಕೆ ಬಾರದು. ಮಳೆ ನಿಂತ ಮೇಲೆ ಬಿತ್ತಿ, ಎರೆಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲಿಯೇ ಬೆಳೆದು ನಿಲ್ಲುವ ಪೈರು ಅದು. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ತರುವಾಯ ಪಟ್ಟಣದ ಅಂಗಡಿಗಳಲ್ಲಿ ಜೋಳಕ್ಕೆ ಹೊಸ ಗೌರವ ಬಂದಿದೆ. ಹಿಂದೆ ನಮ್ಮ ಬುತ್ತಿಯನ್ನು ಕಂಡು ನಕ್ಕವರೇ ಇಂದು ವೈದ್ಯರ ಸಲಹೆಯಂತೆ ರೊಟ್ಟಿ ಹುಡುಕಿಕೊಂಡು ಅಲೆಯುವುದನ್ನು ಕಂಡು ನಮಗೆ ಒಳಗೊಳಗೇ ಸಂತೋಷವಾಗುವುದುಂಟು. ಇದು ಸಣ್ಣತನವೆಂದು ಓದುಗರು ಕ್ಷಮಿಸಬೇಕು.

ಆದರೆ ರೊಟ್ಟಿ ಒಂದೇ ಊಟವಾಗಲಾರದು. ಅದರ ಸುತ್ತ ನೆರೆಯುವ ಬಳಗವೇ ಊಟ. ಎಳೆಯ ಬದನೆಯನ್ನು ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿಯ ಮಸಾಲೆ ತುಂಬಿ, ಎಣ್ಣೆ ಮೇಲೆ ತೇಲುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿದ ಎಣ್ಣೆಗಾಯಿ, ಹುಳಿಯ ಪುಂಡಿಪಲ್ಯ, ಕಡಲೆಹಿಟ್ಟಿನ ಝುಣಕ, ಮೊಳಕೆ ಬಂದ ಮಡಕೆಕಾಳು, ಶೇಂಗಾ, ಅಗಸೆ, ಗುರೆಳ್ಳು ಎಂಬ ಮೂರು ಬಗೆಯ ಹಿಂಡಿ, ಬೆರಳಿಗೆ ಹತ್ತುವಂತಹ ಗಟ್ಟಿಮೊಸರು, ಒಲೆಯನ್ನೇ ಕಾಣದ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿಯ ತಪ್ಪಲು. ಹಿಂಡಿಯ ನಡುವೆ ಗುಳಿ ಮಾಡಿ ಹಸಿ ಶೇಂಗಾ ಎಣ್ಣೆಯನ್ನು ಬಿಟ್ಟುಕೊಂಡು ಮೊದಲ ತುತ್ತನ್ನು ತೆಗೆದುಕೊಳ್ಳುವಾಗ ಮಾತು ತಾನಾಗಿಯೇ ನಿಲ್ಲುತ್ತದೆ. ಅನ್ನ-ಸಾರಿನ ಸರದಿ ಬಂದ ಮೇಲೆಯೇ ಹರಟೆ ಮತ್ತೆ ಆರಂಭವಾಗುವುದು.

ಇಂತಹ ಊಟಕ್ಕೆ ನಾಲ್ಕು ಜನರನ್ನು ಕರೆಯದೆ ಇರುವುದು ಸಾಧ್ಯವೇ? ಮನೆಗೆ ಬಂದವರನ್ನು ಉಣಿಸದೆ ಕಳುಹಿಸುವುದು ನಮ್ಮ ಮನೆತನಗಳಲ್ಲಿ ನಡೆದು ಬಂದಿಲ್ಲ. ದಾಸೋಹವೆಂಬುದು ನಮಗೆ ಪುಸ್ತಕದ ಮಾತಲ್ಲ, ಒಲೆಯ ಮುಂದಿನ ಮಾತು. ಈ ಅಭಿಮಾನ ನಮ್ಮಲ್ಲಿಯೂ ಇತ್ತು. ಅದು ಒಂದು ರಾತ್ರಿ ಹೇಗೆ ಮುಗ್ಗರಿಸಿತೆಂಬುದನ್ನು ಹೇಳಬೇಕಾಗಿದೆ.

ಸುಮಾರು 20 ವರ್ಷಗಳ ಹಿಂದಿನ ಶ್ರಾವಣಮಾಸ. ಜಡಿಮಳೆ. ನಮ್ಮ ಕಾಲೇಜಿನ ದಿನಗಳ ಗೆಳೆಯರು ಏಳು ಮಂದಿ ಮದುವೆಯೊಂದನ್ನು ಮುಗಿಸಿಕೊಂಡು ರಾತ್ರಿ ಎಂಟರ ಹೊತ್ತಿಗೆ ಮನೆಗೆ ಬಂದರು. ನಾವು ಒಳಗೆ ಹೋಗಿ, “ಒಂದೆರಡು ರೊಟ್ಟಿ ಹೆಚ್ಚಿಗೆ ಬಡಿದರಾಯಿತು” ಎಂದು ಹೇಳಿ ಹೊರಗೆ ಬಂದು ಕುಳಿತೆವು. ಒಂದೆರಡು! ಆ ಮೇಲೆ ಎಣಿಸಿದಾಗ ಅವು 28 ಆಗಿದ್ದವು. ನಾವು ಉಂಡುದನ್ನು ಬಿಟ್ಟು. ಗೆಳೆಯರು ಬಾಯ್ತುಂಬ ಹೊಗಳಿದರು. ನಾವು ಬಾಗಿಲಲ್ಲಿ ನಿಂತು ಇನ್ನೊಂದು, ಮತ್ತೊಂದು ಎಂದು ಒತ್ತಾಯಿಸುತ್ತ ಒಳಗಿನಿಂದ ಬಿಸಿಬಿಸಿಯಾಗಿ ತಂದು ಬಡಿಸಿದೆವು. ಅತಿಥಿ ಸತ್ಕಾರದಲ್ಲಿ ನಮ್ಮನ್ನು ಮೀರಿಸುವವರಿಲ್ಲವೆಂಬ ಭಾವನೆ ಮನಸ್ಸಿನಲ್ಲಿ ತುಂಬಿ ತುಳುಕುತ್ತಿತ್ತು.

ಅವರನ್ನು ಕೊನೆಯ ಬಸ್ಸಿಗೆ ಹತ್ತಿಸಿ ಮರಳಿ ಬರುವಾಗ ಹನ್ನೊಂದಾಗಿತ್ತು. ಅಡಿಗೆಮನೆಯಲ್ಲಿ ಮಾತ್ರ ದೀಪವಿತ್ತು. ನಮ್ಮ ಶ್ರೀಮತಿಯವರು ಒಲೆಗೆ ಬೆನ್ನು ಮಾಡಿ ಕುಳಿತು, ಒಡೆದ ರೊಟ್ಟಿಯ ಚೂರುಗಳನ್ನು ಬಟ್ಟಲಿನ ಮಜ್ಜಿಗೆಯಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದರು. ಪಲ್ಯದ ಪಾತ್ರೆ ಬರಿದಾಗಿತ್ತು. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ. “ಎಲ್ಲರೂ ಹೊಟ್ಟೆ ತುಂಬ ಉಂಡರಲ್ಲವೇ?” ಎಂದು ಕೇಳಿದರು. ಆಮೇಲೆ ತುಸು ತಡೆದು, “ಬಂದವರು ಯಾರ್‍ಯಾರು?” ಎಂದರು.

ಏಳು ಜನರನ್ನು ಉಣಿಸಿದ ಗೃಹಿಣಿಗೆ ಅವರ ಮುಖವೂ ತಿಳಿಯದು, ಹೆಸರೂ ತಿಳಿಯದು. ಖಾಲಿ ತಟ್ಟೆಗಳನ್ನು ಮಾತ್ರ ಅವರು ಕಂಡಿದ್ದರು.

ಆ ರಾತ್ರಿ ನಮಗೆ ಕಲ್ಯಾಣದ ಶರಣ ದಂಪತಿಗಳ ನೆನಪಾಯಿತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದಲೇ ಜಂಗಮ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಸುರಿದು ಬನ್ನಿರೆಂದು ಲಕ್ಕಮ್ಮನವರು ಪತಿಯನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಆ ಮನೆಯಲ್ಲಿ ಹೆಂಡತಿಯ ಮಾತು ನಡೆಯುತ್ತಿತ್ತು. ಎಷ್ಟು ಅಕ್ಕಿ, ಯಾರಿಗೆ, ಎಂದು ನಿರ್ಣಯಿಸುವವರಲ್ಲಿ ಅವರೂ ಒಬ್ಬರಾಗಿದ್ದರು. ನಮ್ಮ ಮನೆಯಲ್ಲಿ ದಾಸೋಹದ ಕೀರ್ತಿ ಪಡಸಾಲೆಯಲ್ಲಿ, ಕಾಯಕ ಹೊಗೆಯಲ್ಲಿ.

ಪ್ರಾಯಶ್ಚಿತ್ತವೆಂಬಂತೆ ಮುಂದಿನ ತಿಂಗಳು ಶ್ರೀಮತಿಯವರನ್ನು ಧಾರವಾಡಕ್ಕೆ ಕರೆದೊಯ್ದೆವು. ವಿದ್ಯಾರ್ಥಿ ದೆಸೆಯಲ್ಲಿ ನಾವು ತಿಂಗಳ ಲೆಕ್ಕದಲ್ಲಿ ಊಟ ಮಾಡುತ್ತಿದ್ದಂತಹ ಒಂದು ಖಾನಾವಳಿಗೆ. ಖಾನಾವಳಿ ಎಂಬ ಮಾತು ಮರಾಠಿಯಿಂದ ಬಂದುದು. 1956ರ ಏಕೀಕರಣದವರೆಗೆ ಧಾರವಾಡ, ಬೆಳಗಾವಿ, ವಿಜಯಪುರಗಳು ಮುಂಬಯಿಯ ಆಡಳಿತದಲ್ಲಿದ್ದ ಕಾಲದ ಗುರುತು ಅದು. ಉಡುಪಿ ಹೋಟೆಲು ತಿಂಡಿಗೆ, ಖಾನಾವಳಿ ಊಟಕ್ಕೆ ಎಂಬುದು ನಮ್ಮ ಕಡೆಯ ಅಲಿಖಿತ ನಿಯಮವಾಗಿತ್ತು. ಊರು ಬಿಟ್ಟು ಓದಲು ಬಂದ ಹುಡುಗರಿಗೆ, ಕೋರ್ಟು-ಕಚೇರಿಗೆ ಬಂದ ರೈತರಿಗೆ ಮನೆಯ ರೊಟ್ಟಿಯ ರುಚಿಯನ್ನು ಕೊಟ್ಟು ಕಾಪಾಡಿದ್ದು ಈ ಇಕ್ಕಟ್ಟಾದ ಕೋಣೆಗಳೇ. ಫಲಕದ ಮೇಲೆ ‘ಲಿಂಗಾಯತ ಖಾನಾವಳಿ’ ಎಂದಿದ್ದರೂ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕುಳಿತವರ ಕುಲವನ್ನು ಯಾರೂ ಕೇಳಿದ್ದನ್ನು ನಾವು ಕಾಣೆವು. ಆ ಫಲಕ ಸಸ್ಯಾಹಾರದ ಭರವಸೆಯಾಗಿತ್ತು, ಅಷ್ಟೇ.

ತವರುಮನೆಯನ್ನು ಬಿಟ್ಟರೆ, ಮತ್ತೊಬ್ಬರು ಬಡಿದ ಬಿಸಿರೊಟ್ಟಿಯನ್ನು ಕುಳಿತಲ್ಲಿಯೇ ಉಂಡದ್ದು ತಮಗೆ ಇದೇ ಮೊದಲೆಂದು ಶ್ರೀಮತಿಯವರು ಹೇಳಿದರು. ಮೂರು ರೊಟ್ಟಿ ಉಂಡರು. ಮೊಸರಿನ ಮೇಲೆ ಹಿಂಡಿ ಉದುರಿಸಿಕೊಂಡರು. ನಮಗೆ ಸಮಾಧಾನವಾಯಿತು. ಕೈ ತೊಳೆದವರು ಹೊರಗೆ ಬಾರದೆ ನೇರವಾಗಿ ಒಳಗಿನ ಒಲೆಯತ್ತ ಹೋದರು. ಅಲ್ಲಿ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು.

“ನಿಮ್ಮ ಊಟ ಯಾವಾಗ, ತಂಗಿ?”

“ಮೂರೂವರೆ ಆಗ್ತೈತ್ರಿ.”

“ಆಗ ಬಿಸಿ ರೊಟ್ಟಿ ಇರುತ್ತದೆಯೇ?”

“ಅಷ್ಟೊತ್ತಿಗೆ ಕೈ ಬಿಸಿ ಇರ್ತಾವ್ರಿ, ರೊಟ್ಟಿ ಅಲ್ಲ.”

ಮರಳಿ ಬರುವ ದಾರಿಯುದ್ದಕ್ಕೂ ಶ್ರೀಮತಿಯವರು ಈ ಮಾತನ್ನೇ ಹೇಳಿಕೊಂಡು ನಕ್ಕರು. ನಮಗೆ ನಗು ಬರಲಿಲ್ಲ. ಹಣ ಕೊಟ್ಟು ನಾವು ಕೊಂಡುಕೊಂಡ ಬಿಡುವು ಬೇರೆ ಇಬ್ಬರು ಹೆಣ್ಣುಮಕ್ಕಳ ಹೆಗಲಿಗೆ ಹೋಗಿ ಕುಳಿತಿತ್ತು. ಹಾಗೆಂದು ಖಾನಾವಳಿಗೆ ಹೋಗುವುದನ್ನು ನಾವು ಬಿಟ್ಟಿಲ್ಲ, ಬಿಡಬೇಕೆಂದೂ ಹೇಳುವುದಿಲ್ಲ. ಅವರಿಗೆ ಅದು ಜೀವನೋಪಾಯ. ಎರಡು ಗಂಟೆಯ ಮೇಲೆ ಹೋಗಿ ಐದನೆಯ ರೊಟ್ಟಿಗಾಗಿ ಕೂಗಾಡುವುದನ್ನು ಮಾತ್ರ ಬಿಟ್ಟಿದ್ದೇವೆ.

ನಮ್ಮ ಮನೆಯ ಗೊಂದಲಕ್ಕೆ ಪರಿಹಾರ ದೊರೆತದ್ದು ಹೊಲದಲ್ಲಿ. ಎಳ್ಳಮಾವಾಸ್ಯೆಗೆ ಸಂಬಂಧಿಕರೊಬ್ಬರು ಚರಗಕ್ಕೆಂದು ಕರೆದಿದ್ದರು. ಎದೆಯುದ್ದ ನಿಂತ ಜೋಳದ ನಡುವೆ ಗಿಡದ ನೆರಳು, ಹಾಸಿದ ಕಂಬಳಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಖಡಕ್ ರೊಟ್ಟಿ, ಪಲ್ಯಗಳು, ಶೇಂಗಾ ಹೋಳಿಗೆ, ಮೊಸರು, ಎಲ್ಲವೂ ಬುಟ್ಟಿಗಳಲ್ಲಿ ಬಂದಿದ್ದವು. ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತರು. ಅಜ್ಜಿಯಿಂದ ಹಿಡಿದು ಹೊಸ ಸೊಸೆಯವರೆಗೆ, ಕರೆಸಿಕೊಂಡ ನೆರೆಹೊಲದವರೂ, ಪೇಟೆಯ ಸ್ನೇಹಿತರೂ ಒಂದೇ ಸುತ್ತಿನಲ್ಲಿ. ಯಾರೂ ಒಲೆಯ ಮುಂದೆ ಇರಲಿಲ್ಲ, ಏಕೆಂದರೆ ಹೊಲದಲ್ಲಿ ಒಲೆಯೇ ಇರಲಿಲ್ಲ! ಅಡಿಗೆಯೆಲ್ಲ ಮೊದಲೇ ಮುಗಿದಿತ್ತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೂ ಊರೂರಿನ ತಾಯಂದಿರು ಮುಂಚಿತವಾಗಿ ಬಡಿದು ಒಣಗಿಸಿದ ರೊಟ್ಟಿಗಳು ಲಕ್ಷಗಳ ಲೆಕ್ಕದಲ್ಲಿ ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಬರುತ್ತವೆಯಲ್ಲವೇ? ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿಯನ್ನು ಕಂಡುಹಿಡಿದ ಜನ ನಾವು; ಅತಿಥಿ ಬಂದ ದಿನ ಮಾತ್ರ ಅದನ್ನು ಮರೆತುಬಿಡುತ್ತೇವೆ.

ಅಂದಿನಿಂದ ನಮ್ಮ ಮನೆಯಲ್ಲಿ ನಾಲ್ವರಿಗಿಂತ ಹೆಚ್ಚು ಜನ ಬಂದರೆ ಖಡಕ್ ರೊಟ್ಟಿ. ಎಣ್ಣೆಗಾಯಿ ಮಧ್ಯಾಹ್ನವೇ ಆಗಿರುತ್ತದೆ. ಮಸಾಲೆ ಹೀರಿಕೊಂಡು ರಾತ್ರಿಗೆ ಅದರ ರುಚಿ ಇನ್ನೂ ಹೆಚ್ಚುತ್ತದೆ. ಪಾತ್ರೆಗಳೆಲ್ಲ ನಡುವೆ, ಜನರೆಲ್ಲ ಸುತ್ತ. ಬೇಕಾದವರು ಬೇಕಾದುದನ್ನು ಬಡಿಸಿಕೊಳ್ಳುವುದು. ಈ ಏರ್ಪಾಡು ಎಲ್ಲರಿಗೂ ರುಚಿಸಿತೆಂದು ಹೇಳಲಾರೆವು. ಮನೆಯ ಹಿರಿಯ ಬಂಧುಗಳೊಬ್ಬರು, ಅತಿಥಿಗಳ ಜೊತೆಗೇ ಊಟಕ್ಕೆ ಕುಳಿತ ಯಜಮಾನಿಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಎರಡು ವರ್ಷ ಆಡಿಕೊಂಡರು. ಬಿಸಿರೊಟ್ಟಿಯ ಸುಖ ಖಡಕ್ ರೊಟ್ಟಿಗೆ ಇಲ್ಲವೆಂಬುದೂ ನಿಜವೇ. ಹೆಂಚಿನಿಂದ ಇಳಿದು ಹಬೆಯಾಡುವ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುವ ಭಾಗ್ಯವನ್ನು ನಮ್ಮ ಸ್ನೇಹಿತರು ಕಳೆದುಕೊಂಡಿದ್ದಾರೆ. ನಾಲ್ಕೇ ಜನ ಬಂದಾಗ ಅದೂ ಉಂಟು; ಆಗ ಕಡೆಯ ನಾಲ್ಕು ರೊಟ್ಟಿ ನಮ್ಮ ಪಾಲಿನ ಕಾಯಕ. ನಮ್ಮ ಕೈಯಲ್ಲಿ ಅವು ದುಂಡಗಾಗುವುದಿಲ್ಲ. ಒಮ್ಮೆ ರಾಜ್ಯದ ನಕಾಶೆಯನ್ನು ಹೋಲುವ ರೊಟ್ಟಿ ಬಂದಿತ್ತು. ಬೀದರ ಜಿಲ್ಲೆ ಸುಟ್ಟುಹೋಗಿತ್ತೆಂದು ಮೊಮ್ಮಗಳು ತೋರಿಸಿದಳು.

ಮೊನ್ನೆ ಬಸವ ಜಯಂತಿಯ ಮರುದಿನ, ಅಂದು ಬಂದಿದ್ದ ಏಳು ಮಂದಿಯಲ್ಲಿ ಒಬ್ಬರು ತಮ್ಮ ಪತ್ನಿ ಮತ್ತು ಮಕ್ಕಳೊಡನೆ ಬಂದಿದ್ದರು. ಸುತ್ತಲೂ ಕುಳಿತಿದ್ದೆವು. ಗೆಳೆಯರು ಖಡಕ್ ರೊಟ್ಟಿಯನ್ನು ಮುರಿದ ಸಪ್ಪಳಕ್ಕೆ ತಲೆಯೆತ್ತಿದ ಶ್ರೀಮತಿಯವರು ಅವರನ್ನೇ ದಿಟ್ಟಿಸಿ ನೋಡಿ, “ಆ ಮಳೆಯ ರಾತ್ರಿ ಬಂದವರಲ್ಲಿ ನೀವು ಯಾರು?” ಎಂದು ಕೇಳಿದರು.

“ಎಲ್ಲರಿಗಿಂತ ಹೆಚ್ಚು ಉಂಡವನು ನಾನೇ ಅಕ್ಕಾ, ಆರು ರೊಟ್ಟಿ” ಎಂದು ಅವರು ತಲೆ ತಗ್ಗಿಸಿದರು.

ಶ್ರೀಮತಿಯವರು ನಕ್ಕು ಅಗಸೆ ಹಿಂಡಿಯ ಬಟ್ಟಲನ್ನು ಅವರ ಕಡೆಗೆ ಸರಿಸಿದರು.